ಮೂರು ವರ್ಷ ಮಗಳನ್ನೇ ಮರೆತಿದ್ದ ಅಪ್ಪ ಈಗ ಎಲ್ಲಿ?

ಪ್ರಶ್ನೆ: ನಮ್ಮ ತಂದೆ ನಿವೃತ್ತ ಮೇಷ್ಟ್ರು. ಅಲ್ಝೈಮರ್ ಕಾಯಿಲೆ ಬಂದು ಕೊನೆಯ ಮೂರು ವರ್ಷ ನನ್ನನ್ನೇ ಗುರುತಿಸಲಿಲ್ಲ. "ನೀನು ಯಾರ ಮನೆಯವಳಮ್ಮಾ?" ಅಂತ ಕೇಳುತ್ತಿದ್ದರು. ತೀರಿಕೊಳ್ಳುವ ಹಿಂದಿನ ಸಂಜೆ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, "ಪುಟ್ಟಿ, ಊಟ ಆಯ್ತಾ?" ಅಂದರು. ಅದು ನನ್ನ ಚಿಕ್ಕಂದಿನ ಹೆಸರು. ಬೆಳಗಿನ ಜಾವ ಹೋಗಿಬಿಟ್ಟರು. ಎಂಜಿನಿಯರ್ ತಮ್ಮ "ಬಲ್ಬ್ ಹೋದರೆ ಬೆಳಕು ಹೋಯ್ತು, ಅಷ್ಟೇ" ಅನ್ನುತ್ತಾನೆ. ವರ್ಷದ ತಿಥಿಗೂ ಬರಲ್ಲ ಅಂತಿದ್ದಾನೆ. ಸೋದರತ್ತೆ "ಹಳೆ ಬಟ್ಟೆ ಬಿಟ್ಟು ಹೋಗಿದ್ದಾನೆ, ಆತ್ಮಕ್ಕೆ ಮರೆವಿಲ್ಲ" ಅನ್ನುತ್ತಾರೆ. ಆ ಮೂರು ವರ್ಷ ನಮ್ಮಪ್ಪ ಎಲ್ಲಿದ್ದರು? ಸತ್ತ ಮೇಲೆ ಏನಾದರೂ ಉಳಿಯುವುದಾದರೆ, ಉಳಿದಿರುವುದು ನನ್ನನ್ನು ಬಲ್ಲ ಅಪ್ಪನಾ, ಮರೆತ ಅಪ್ಪನಾ?

ಉತ್ತರ: ನಿಮ್ಮ ತಮ್ಮನಿಂದಲೇ ಶುರು ಮಾಡುತ್ತೇನೆ. ಅವರ ಉದಾಹರಣೆ ಅವರಿಗೇ ತಿರುಗಿ ಬಿದ್ದಿದೆ. ಬಲ್ಬ್ ಹೋದರೆ ಬೆಳಕು ಹೋಗುತ್ತದೆ, ನಿಜ. ಕರೆಂಟು ಹೋಗುತ್ತದಾ? ಹೊಸ ಬಲ್ಬ್ ಹಾಕಿದರೆ ಮತ್ತೆ ಹತ್ತುತ್ತದೆ. ಎಂಜಿನಿಯರ್ ಆದವರಿಗೆ ಇದು ಹೊಳೆಯಬೇಕಿತ್ತು. ಹಾಗಂತ ಅತ್ತೆಯವರ ಬಟ್ಟೆಯೂ ಅಷ್ಟು ಗಟ್ಟಿಯಲ್ಲ. ಅಥೆನ್ಸ್‌ನಲ್ಲಿ ಸಾಕ್ರಟೀಸ್ ವಿಷ ಕುಡಿಯಬೇಕಿದ್ದ ದಿನ ಜೈಲಿನಲ್ಲಿ ಗೆಳೆಯರು ಸುತ್ತ ಕೂತು ಇದನ್ನೇ ಮಾತಾಡಿದರು ಅಂತ ಪ್ಲೇಟೋ ಬರೆದಿದ್ದಾನೆ. ಅಲ್ಲಿ ಕೆಬೀಸ್ ಅನ್ನುವವನು ಕೇಳುತ್ತಾನೆ: ನೇಕಾರ ತನ್ನ ಬದುಕಿನಲ್ಲಿ ಎಷ್ಟೋ ಬಟ್ಟೆ ನೇಯ್ದು, ಉಟ್ಟು, ಸವೆಸುತ್ತಾನೆ. ಆದರೆ ಅವನ ಕೊನೆಯ ಬಟ್ಟೆ? ಅದು ಅವನು ಸತ್ತ ಮೇಲೂ ಇರುತ್ತದೆ. ಹಾಗೆ ಆತ್ಮವೂ ಹತ್ತಾರು ದೇಹ ಸವೆಸಿ ಒಂದು ದಿನ ತಾನೇ ಸುಸ್ತಾಗಿ ಮುಗಿದುಹೋಗಬಾರದು ಯಾಕೆ? ಸಾಯುವವನ ಎದುರು ಕೂತು ಕೇಳುವ ಪ್ರಶ್ನೆಯಾ ಇದು ಅನಿಸುತ್ತದೆ. ಸಾಕ್ರಟೀಸ್ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವನು. ಸಾವಿನ ಬಗ್ಗೆ ನಡೆದಿರುವ ವಾದವೆಲ್ಲ ಉದಾಹರಣೆಗಳ ಜಗಳ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ದೀಪ, ಬಟ್ಟೆ, ವೀಣೆ, ಶಂಖ. ಯಾವುದನ್ನು ಆರಿಸಿಕೊಳ್ಳುತ್ತೀರೋ ಅದರೊಳಗೆ ನಿಮಗೆ ಬೇಕಾದ ಉತ್ತರ ಆಗಲೇ ಕೂತಿರುತ್ತದೆ. ನಾವು ಬಳಸುವ ಪದಗಳೂ ಹಾಗೇ. ನೀವು "ಹೋಗಿಬಿಟ್ಟರು" ಅಂತ ಬರೆದಿದ್ದೀರಿ. ಹೋದರು ಅಂದಮೇಲೆ ಎಲ್ಲಿಗೋ ಹೋಗಿರಬೇಕು. ಪೇಪರಿನವರು "ಇನ್ನಿಲ್ಲ" ಅಂತ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಕೆಲವರ ಮನೆಯಲ್ಲಿ "ಲಿಂಗೈಕ್ಯರಾದರು", ಇನ್ನು ಕೆಲವರಲ್ಲಿ "ಹರಿಪಾದ ಸೇರಿದರು". ಶ್ರದ್ಧಾಂಜಲಿ ಫ್ಲೆಕ್ಸಿನ ಒಂದೊಂದು ಪದದ ಹಿಂದೆ ಒಂದೊಂದು ಸಿದ್ಧಾಂತ ಇದೆ.

ಕಠೋಪನಿಷತ್ತಿನಲ್ಲಿ ಹುಡುಗ ನಚಿಕೇತ ಯಮನನ್ನು ಕೇಳಿದ್ದೂ ಇದನ್ನೇ. ಸತ್ತವನು ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ಸರಿ? ಯಮ ತಕ್ಷಣ ಉತ್ತರ ಕೊಡಲಿಲ್ಲ. ದೇವತೆಗಳಿಗೇ ಈ ಅನುಮಾನ ಇತ್ತು, ಬೇರೆ ಏನಾದರೂ ಕೇಳು ಅಂದ. ಆನೆ, ಕುದುರೆ, ಬಂಗಾರ ಕೊಡುತ್ತೇನೆ ಅಂದ. ಸಾವಿನ ಇಲಾಖೆ ನೋಡಿಕೊಳ್ಳುವವನೇ ಜಾರಿಕೊಳ್ಳಲು ನೋಡಿದ ಪ್ರಶ್ನೆಗೆ ನಾನು ಖಡಾಖಂಡಿತ ಉತ್ತರ ಕೊಟ್ಟರೆ ನೀವು ನಂಬಬಾರದು.

ತಮ್ಮನ ಪಕ್ಷಕ್ಕೆ ಬಲ್ಬಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. ಲೋಕಾಯತರದ್ದು, ಅಂದರೆ ಆತ್ಮ, ಪರಲೋಕ ಒಪ್ಪದ ಚಾರ್ವಾಕರದ್ದು. ವೀಳ್ಯದೆಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಸೇರಿಸಿ ಜಗಿದರೆ ಬಾಯೆಲ್ಲ ಕೆಂಪು. ಆ ಕೆಂಪು ಎಲ್ಲಿತ್ತು? ಯಾವುದರಲ್ಲೂ ಇರಲಿಲ್ಲ. ಸೇರಿದಾಗ ಹುಟ್ಟಿತು. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಒಂದು ಹದದಲ್ಲಿ ಕೂಡಿದಾಗ ಅರಿವು ಹುಟ್ಟುತ್ತದೆ. ಹದ ತಪ್ಪಿದಾಗ ಹೋಗುತ್ತದೆ. ಎಲ್ಲಿಗೆ ಹೋಯಿತು ಅಂತ ಕೇಳುವುದು, ಉಗಿದ ಮೇಲೆ ಕೆಂಪು ಯಾವ ಊರಿಗೆ ಹೋಯಿತು ಅಂತ ಕೇಳಿದ ಹಾಗೆ. ಇವತ್ತಿನ ಎಷ್ಟೋ ಮೆದುಳು ವಿಜ್ಞಾನಿಗಳು ಹೇಳುವುದು ಇದಕ್ಕಿಂತ ತುಂಬಾ ಬೇರೆಯೇನಲ್ಲ. ಎಲೆ ಅಡಿಕೆ ಬದಲು ನರಕೋಶ ಅನ್ನುತ್ತಾರೆ.

ಇದಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಮೂರನೇ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾರೆ. ಮೊದಲು ಲೋಕಾಯತರ ವಾದವನ್ನು ಕುಂದಿಲ್ಲದ ಹಾಗೆ ಹೇಳಿ, ಆಮೇಲೆ ಕೇಳುತ್ತಾರೆ: ಕತ್ತಲ ಕೋಣೆಯಲ್ಲಿ ದೀಪ ಇದ್ದರೆ ನೋಟ ಉಂಟು, ದೀಪ ಇಲ್ಲದಿದ್ದರೆ ನೋಟ ಇಲ್ಲ. ಅಷ್ಟಕ್ಕೇ ನೋಡುವುದು ದೀಪದ ಗುಣ ಅಂತ ಹೇಳುತ್ತೀರಾ? ಮೈ ಇದ್ದಾಗ ಅರಿವಿದೆ, ಮೈ ಇಲ್ಲದಾಗ ಕಾಣುವುದಿಲ್ಲ ಅನ್ನುವುದರಿಂದ ಅರಿವು ಮೈಯದೇ ಅಂತ ಆಗುವುದಿಲ್ಲ. ಮೈ ಬರೀ ಸಲಕರಣೆ ಇರಬಹುದು. ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಕಳೆದು, 1897ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ತತ್ವಜ್ಞಾನಿ ವಿಲಿಯಂ ಜೇಮ್ಸ್ ಇದೇ ದಾರಿ ಹಿಡಿದರು. ಅರಿವು ಮೆದುಳಿನ ಕೆಲಸ ಅಂತ ಒಪ್ಪೋಣ. ಆದರೆ ಕೆಲಸದಲ್ಲಿ ಎರಡು ತರ. ಕೆಟಲ್ ಹಬೆಯನ್ನು ಹುಟ್ಟಿಸುತ್ತದೆ. ಬಣ್ಣದ ಗಾಜು ಬೆಳಕನ್ನು ಹುಟ್ಟಿಸುವುದಿಲ್ಲ, ಬಣ್ಣ ಕೊಟ್ಟು ದಾಟಿಸುತ್ತದೆ. ಮೆದುಳು ಕೆಟಲ್ಲೇ ಅಂತ ಯಾರು ಸಾಬೀತು ಮಾಡಿದ್ದಾರೆ?

ನಿಮ್ಮ ಅತ್ತೆಗೆ ಇದಕ್ಕಿಂತ ಒಳ್ಳೆಯ ವಕೀಲರು ಸಿಗುವುದಿಲ್ಲ. ಆದರೂ ನೀವು ಎತ್ತಿದ ಮರೆವಿನ ಪ್ರಶ್ನೆ ಈ ಗಾಜಿಗೆ ಕಲ್ಲು ಹೊಡೆಯುತ್ತದೆ. ಗಾಜು ಮಸುಕಾದರೆ ಹೊರಗಿನ ನಮಗೆ ಬೆಳಕು ಕಾಣಬಾರದು, ಒಳಗೆ ಬೆಳಕು ಮಸುಕಾಗಬಾರದು. ಮರೆವಿನ ಕಾಯಿಲೆಯಲ್ಲಿ ಹಾಗಲ್ಲವಲ್ಲ. ಒಳಗಿನ ವಿದ್ವಾಂಸರೊಬ್ಬರು ಹೊರಬರಲಾಗದೆ ಚಡಪಡಿಸುತ್ತಿದ್ದಾರೆ ಅನ್ನುವ ಹಾಗೆ ಇರುವುದಿಲ್ಲ. ಎದುರಿಗಿರುವವಳು ಮಗಳು ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಮೊದಲು ಹಿಡಿಯುವುದು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗವನ್ನು. ಅದಕ್ಕೇ ಬೆಳಿಗ್ಗೆ ತಿಂದ ಉಪ್ಪಿಟ್ಟು ಮರೆತವರು ಅರವತ್ತು ವರ್ಷದ ಹಿಂದಿನ ಸಹಪಾಠಿಗಳ ಹಾಜರಿ ಕರೆಯುತ್ತಾರೆ. ಮೆದುಳಿನ ಇಷ್ಟು ಭಾಗ ಹೋದರೆ ಇಷ್ಟು ನೆನಪು ಹೋಗುತ್ತದೆ ಅನ್ನುವಾಗ, ಪೂರ್ತಿ ಮೆದುಳು ಹೋದ ಮೇಲೆ ಎಲ್ಲ ನೆನಪೂ ವಾಪಸ್ ಬರುತ್ತದೆ ಅನ್ನುವುದನ್ನು ಒಪ್ಪಲು ನನಗೆ ಕಷ್ಟ.

ಆದರೆ ಆ ಸಂಜೆ ಇದೆಯಲ್ಲ. ಅದನ್ನು ಸುಮ್ನೆ ಬದಿಗೆ ಸರಿಸುವ ಹಾಗಿಲ್ಲ.

ನಿಮಗೆ ಆಗಿದ್ದು ನಿಮಗೊಬ್ಬರಿಗೇ ಆಗಿದ್ದಲ್ಲ. ವರ್ಷಗಟ್ಟಲೆ ಮಾತು ಕಳೆದುಕೊಂಡವರು ಸಾವಿಗೆ ಕೆಲವು ಗಂಟೆ ಅಥವಾ ದಿನ ಇರುವಾಗ ತಿಳಿಯಾಗಿ ಮಾತಾಡಿದ ಉದಾಹರಣೆಗಳು ಹಳೆಯ ವೈದ್ಯರ ಬರಹಗಳಲ್ಲೂ ಇವೆ. 2009ರಲ್ಲಿ ಜರ್ಮನಿಯ ಮೈಕೆಲ್ ನಾಮ್ ಇದಕ್ಕೊಂದು ಇಂಗ್ಲಿಷ್ ಹೆಸರು ಕೊಟ್ಟ ಮೇಲೆ ಸಂಶೋಧಕರ ಗಮನ ಜಾಸ್ತಿ ಆಯಿತು. ಕನ್ನಡದಲ್ಲಿ ಕೊನೆಗಾಲದ ತಿಳಿವು ಅನ್ನಬಹುದೇನೋ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಹೆಸರೇ ಬೇಕಿರಲಿಲ್ಲ. ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತೆ ಅನ್ನುತ್ತಿದ್ದರು. ಮತ್ತೆ ದೀಪ, ನೋಡಿ.

ಇದರಿಂದ ಏನು ಸಿದ್ಧವಾಗುತ್ತದೆ? "ಪುಟ್ಟಿ" ಅನ್ನುವ ಹೆಸರು ಅಳಿಸಿಹೋಗಿರಲಿಲ್ಲ ಅನ್ನುವುದು. ದಾರಿ ಮುಚ್ಚಿತ್ತು, ಒಂದು ಗಳಿಗೆ ತೆರೆಯಿತು. ಹೇಗೆ ತೆರೆಯಿತು ಅನ್ನುವುದಕ್ಕೆ ಎಲ್ಲರೂ ಒಪ್ಪುವ ವಿವರಣೆ ವಿಜ್ಞಾನದಲ್ಲಿ ಇನ್ನೂ ಇಲ್ಲ. ಆದರೆ ಆ ಹೆಸರು ಮೆದುಳಿನ ಹೊರಗೆಲ್ಲೋ ಇತ್ತು ಅಂತ ಇದರಿಂದ ಆಗುವುದಿಲ್ಲ. ಆ ಸಂಜೆ ನಿಮ್ಮಪ್ಪ ಬದುಕಿದ್ದರು, ಮೆದುಳಿಗೆ ರಕ್ತ ಹರಿಯುತ್ತಿತ್ತು, ಬಾಯಿಂದಲೇ ಮಾತಾಡಿದರು. ಸಾಯುವ ಮೆದುಳು ನಾವು ಅಂದುಕೊಂಡಷ್ಟು ತಣ್ಣಗೆ ಆರುವುದೂ ಇಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಿಮೊ ಬೊರ್ಜಿಗಿನ್ ಅವರ ತಂಡ 2013ರಲ್ಲಿ ಇಲಿಗಳಲ್ಲಿ ನೋಡಿದ್ದು ಇದನ್ನು: ಹೃದಯ ನಿಂತ ಮೇಲೂ ಕೆಲವು ಸೆಕೆಂಡು ಮೆದುಳಿನಲ್ಲಿ ಚುರುಕಾದ ವಿದ್ಯುತ್ ಅಲೆ ಏಳುತ್ತದೆ. 2023ರಲ್ಲಿ ವೆಂಟಿಲೇಟರ್ ತೆಗೆದ ನಾಲ್ಕು ರೋಗಿಗಳ ದಾಖಲೆ ನೋಡಿದಾಗ ಇಬ್ಬರಲ್ಲಿ ಅಂಥದ್ದೇ ಅಲೆ ಕಂಡಿತು. ಆ ಇಬ್ಬರಿಗೆ ಒಳಗೆ ಏನನ್ನಿಸಿತು ಅಂತ ಹೇಳಲು ಅವರು ಉಳಿಯಲಿಲ್ಲ.

ಹಾಗಾದರೆ ನೇರವಾಗಿ ಪರೀಕ್ಷೆ ಮಾಡಿ ನೋಡಬಹುದಲ್ಲ ಅಂತ ನಿಮ್ಮ ತಮ್ಮ ಕೇಳಬಹುದು. ಮಾಡಿದ್ದಾರೆ, ಇವತ್ತು ನಿನ್ನೆಯಲ್ಲ. ಪಾಳಿ ಭಾಷೆಯ ಬೌದ್ಧ ಗ್ರಂಥ ದೀಘನಿಕಾಯದಲ್ಲಿ ಪಾಯಾಸಿ ಅನ್ನುವ ದೊರೆಯ ಕಥೆ ಬರುತ್ತದೆ. ಪರಲೋಕ ಇಲ್ಲ ಅನ್ನುವುದು ಅವನ ಪಟ್ಟು. ಸಾಯುವ ನೆಂಟರನ್ನೆಲ್ಲ "ಅಲ್ಲಿಗೆ ಹೋದ ಮೇಲೆ ಬಂದು ಹೇಳಿ" ಅಂತ ಕೇಳಿಕೊಂಡಿದ್ದ. ಯಾರೂ ಬರಲಿಲ್ಲ. ಆಮೇಲೆ ಒಬ್ಬ ಕಳ್ಳನನ್ನು ಜೀವಂತ ಹಂಡೆಗೆ ಹಾಕಿ, ಬಾಯಿಗೆ ಹಸಿ ಚರ್ಮ ಬಿಗಿದು, ಮೇಲೆ ದಪ್ಪ ಮಣ್ಣು ಮೆತ್ತಿಸಿ, ಒಲೆಯ ಮೇಲೆ ಇಡಿಸಿದ. ಸತ್ತ ಅಂತ ಖಾತ್ರಿಯಾದ ಮೇಲೆ ಇಳಿಸಿ, ಮೆಲ್ಲಗೆ ಬಾಯಿ ಬಿಚ್ಚಿ, ಜೀವ ಹೊರಗೆ ಹೋಗುವುದು ಕಾಣುತ್ತದಾ ಅಂತ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಸಾಯಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿಸಿದ. ಎಂಥ ಕ್ರೂರಿ ಅನಿಸುತ್ತದೆ, ಅಲ್ವಾ. ಆದರೆ ಕೇಳಿದ್ದನ್ನು ನಂಬದೆ ನೋಡಲು ಹೊರಟವನು.

ಅವನಿಗೆ ಉತ್ತರ ಕೊಟ್ಟವನು ಕುಮಾರ ಕಸ್ಸಪ ಅನ್ನುವ ಭಿಕ್ಷು. ಅವನ ಹತ್ತಿರ ಉದಾಹರಣೆಗಳಿಗೆ ಬರವಿಲ್ಲ. ನೆಂಟರು ಯಾಕೆ ಬರಲಿಲ್ಲ? ಮಲದ ಗುಂಡಿಯಿಂದ ಎದ್ದು, ಮಿಂದು, ಮಡಿ ಉಟ್ಟು, ಮೇಲ್ಮಹಡಿಯಲ್ಲಿ ಸುಖವಾಗಿರುವವನು ಮತ್ತೆ ಗುಂಡಿಗೆ ಇಳಿಯುತ್ತಾನಾ? ನನಗೆ ಹಿಡಿಸಿದ್ದು ಬೆಂಕಿಯ ಮಾತು. ಒಬ್ಬ ಹುಡುಗನಿಗೆ ಅರಣಿ, ಅಂದರೆ ಉಜ್ಜಿ ಬೆಂಕಿ ಹುಟ್ಟಿಸುವ ಕಟ್ಟಿಗೆ ಕೊಟ್ಟು ಬೆಂಕಿ ಮಾಡು ಅಂದರೆ, ಕಟ್ಟಿಗೆಯನ್ನು ಸೀಳಿ, ಚೂರು ಮಾಡಿ, ಒರಳಲ್ಲಿ ಕುಟ್ಟಿ, ಗಾಳಿಗೆ ತೂರಿ ಬೆಂಕಿ ಹುಡುಕಿದನಂತೆ. ಹುಡುಕುವ ರೀತಿಯೇ ತಪ್ಪಾದರೆ ಸಿಗದ್ದರಿಂದ ಏನೂ ಸಿದ್ಧವಾಗುವುದಿಲ್ಲ. ಮಾತು ಸರಿ. ಆದರೆ ಸರಿಯಾದ ರೀತಿ ಯಾವುದು ಅಂತ ಕಸ್ಸಪನೂ ಪಾಯಾಸಿಯ ಕೈಗೆ ಏನೂ ಕೊಡಲಿಲ್ಲ.

1907ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಾಕ್ಟರ್ ಡಂಕನ್ ಮ್ಯಾಕ್‌ಡೂಗಲ್ ಮತ್ತೆ ತಕ್ಕಡಿ ತಂದರು. ಸಾಯುತ್ತಿದ್ದ ಆರು ರೋಗಿಗಳನ್ನು ಮಂಚದ ಸಮೇತ ತೂಗಿದರು. ಒಬ್ಬರಲ್ಲಿ ಸುಮಾರು 21 ಗ್ರಾಂ ಇಳಿಯಿತು. ಉಳಿದವರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ, ಎರಡನ್ನು ಅವರೇ ಕೈಬಿಟ್ಟರು. ಜನ ನೆನಪಿಟ್ಟುಕೊಂಡದ್ದು ಮಾತ್ರ 21 ಗ್ರಾಂ. ಹದಿನೈದು ನಾಯಿಗಳನ್ನೂ ತೂಗಿದರು, ಏನೂ ಇಳಿಯಲಿಲ್ಲ. ನಾಯಿಗೆ ಆತ್ಮ ಇಲ್ಲ ಅನ್ನುವುದಕ್ಕೆ ಅದು ಹೊಂದಿಕೊಂಡಿತು. ನಮ್ಮ ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೆ ಹೋಗಿದ್ದು ನಾಯಿಯೊಂದೇ ಅನ್ನುವುದು ಆ ಡಾಕ್ಟರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಈಚಿನವರು ತಕ್ಕಡಿ ಬಿಟ್ಟು ಚಿತ್ರ ಇಟ್ಟರು. ಹೃದಯ ನಿಂತು ಮತ್ತೆ ಬದುಕಿದವರಲ್ಲಿ ಕೆಲವರು ಮೇಲಿನಿಂದ ತಮ್ಮ ಮೈಯನ್ನೇ ನೋಡಿದೆವು ಅನ್ನುತ್ತಾರಲ್ಲ, ಅದಕ್ಕೆ ಡಾಕ್ಟರ್ ಸ್ಯಾಮ್ ಪಾರ್ನಿಯಾ ತಂಡ ಆಸ್ಪತ್ರೆಗಳಲ್ಲಿ ಎತ್ತರದ ಹಲಗೆ ಹೊಡೆಸಿ, ಮೇಲಿನಿಂದ ಮಾತ್ರ ಕಾಣುವ ಚಿತ್ರ ಇಡಿಸಿತು. 2014ರಲ್ಲಿ ಫಲಿತಾಂಶ ಬಂತು. ಹೃದಯ ನಿಂತ 2,060 ಪ್ರಕರಣ, ಮಾತಾಡಿಸಲು ಸಿಕ್ಕವರು 140 ಜನ. ಚಿತ್ರ ಕಂಡವರು ಒಬ್ಬರೂ ಇಲ್ಲ. ಒಬ್ಬರು ಮಾತ್ರ ಕೋಣೆಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳಿದರು. ಅವರಿದ್ದ ಕೋಣೆಯಲ್ಲಿ ಹಲಗೆಯೇ ಇರಲಿಲ್ಲ! ಪಾಯಾಸಿಯ ಹಂಡೆಯಿಂದ ಇಲ್ಲಿಯವರೆಗೂ ಈ ಪರೀಕ್ಷೆಗಳ ಹಣೆಬರಹ ಇಷ್ಟೇ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಇಂಥ ಅನುಭವಗಳನ್ನೇ ವರ್ಷಗಟ್ಟಲೆ ದಾಖಲಿಸಿದರು. 1986ರಲ್ಲಿ ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆ ಭಾರತದ 16 ಪ್ರಕರಣ ಪ್ರಕಟಿಸಿದರು, ಮುಂದೆ ಕರ್ನಾಟಕದ ಹಳ್ಳಿಗಳಲ್ಲೂ ಹುಡುಕಿದರು. ಪಶ್ಚಿಮದವರಿಗೆ ಬೆಳಕು, ಸುರಂಗ ಕಂಡರೆ ನಮ್ಮವರಿಗೆ ಕಂಡದ್ದು ದೂತರು ಮತ್ತು ಲೆಕ್ಕದ ಪುಸ್ತಕ. ಕರೆತರಬೇಕಾದವನು ಇವನಲ್ಲ, ಹೆಸರು ತಪ್ಪಿದೆ ಅಂತ ವಾಪಸ್ ಕಳಿಸುತ್ತಾರೆ. ಥೇಟ್ ತಾಲ್ಲೂಕು ಕಚೇರಿ. ನೋಡಿ, ಮೆದುಳು ತನ್ನ ಊರಿನ ಸರಕಿನಿಂದಲೇ ಕನಸು ಕಟ್ಟುತ್ತದೆ ಅನ್ನುತ್ತಾರೆ ಒಬ್ಬರು. ಬೆಳಕು ಒಂದೇ, ಗಾಜಿನ ಬಣ್ಣ ಬೇರೆ ಅನ್ನುತ್ತಾರೆ ಇನ್ನೊಬ್ಬರು. ಒಂದೇ ಸಾಕ್ಷಿ ಎರಡೂ ಪಕ್ಷದ ಪರ ನಿಂತರೆ ಜಡ್ಜ್ ಏನು ಮಾಡಬೇಕು?

ತಮ್ಮನಿಗೂ ಒಂದು ಮಾತು ಹೇಳಬೇಕು. ಮೆದುಳಿನಿಂದ ಅರಿವು ಹೇಗೆ ಹುಟ್ಟುತ್ತದೆ ಅನ್ನುವುದು ಬಲ್ಬಿನ ಹಾಗೆ ಬಿಡಿಸಿಟ್ಟ ವಿಷಯವಲ್ಲ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್, 25 ವರ್ಷದಲ್ಲಿ ಮೆದುಳಿನೊಳಗೆ ಅರಿವಿನ ಸ್ಪಷ್ಟ ಗುರುತು ಸಿಗುತ್ತದೆ ಅಂತ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದರು. 2023ರಲ್ಲಿ ನ್ಯೂಯಾರ್ಕ್‌ನ ವೇದಿಕೆ ಮೇಲೆ ಸೋಲೊಪ್ಪಿ ವೈನ್ ಬಾಟಲಿ ಕೊಟ್ಟರು. ಅಂದಮಾತ್ರಕ್ಕೆ ಅತ್ತೆ ಗೆದ್ದರು ಅಂತ ಅಲ್ಲ. ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲದಿದ್ದರೂ, ಮೆದುಳು ಇಲ್ಲದೆ ಇರುತ್ತದೆ ಅಂತ ಆಗುವುದಿಲ್ಲವಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಉಳಿಯುವುದಾದರೆ ಯಾವ ಅಪ್ಪ. ನನ್ನ ಲೆಕ್ಕದಲ್ಲಿ ಅಸಲಿ ಪ್ರಶ್ನೆ ಇದು. ಅರಿವು ಉಳಿಯುತ್ತದಾ ಅನ್ನುವುದು ಬೇರೆ, ಅಪ್ಪ ಉಳಿಯುತ್ತಾರಾ ಅನ್ನುವುದು ಬೇರೆ. ಸಮಾಧಾನ ಹೇಳುವವರು ಮೊದಲನೆಯದಕ್ಕೆ ಹೌದು ಅಂದು, ಎರಡನೆಯದಕ್ಕೂ ಹೌದು ಅಂದ ಹಾಗೆ ಕೇಳಿಸುತ್ತಾರೆ. ಅದ್ವೈತದವರನ್ನು ಬಿಗಿಯಾಗಿ ಕೇಳಿ ನೋಡಿ. ಆತ್ಮಕ್ಕೆ ಮರೆವಿಲ್ಲ, ಸರಿ. ಅದಕ್ಕೆ "ಪುಟ್ಟಿ" ಅನ್ನುವ ನೆನಪೂ ಇಲ್ಲ. ನೆನಪು, ಪ್ರೀತಿ, ಮೇಷ್ಟ್ರಗಿರಿ ಎಲ್ಲ ಮನಸ್ಸಿನದು, ಅದು ಆತ್ಮದ್ದಲ್ಲ. ಅತ್ತೆಯವರ ಮಾತು ನಿಜವಾದರೂ ಅದು ನೀವು ಕೇಳಿದ ಅಪ್ಪ ಅಲ್ಲ. ಬೌದ್ಧರನ್ನು ಕೇಳಿದರೆ ಇನ್ನೊಂದು ದೀಪ ಹಚ್ಚುತ್ತಾರೆ. ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳಿದ್ದು: ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಹಾಗೆ ಮುಂದೆ ಹುಟ್ಟುವವನು ಅವನೂ ಅಲ್ಲ, ಬೇರೆಯವನೂ ಅಲ್ಲ. ನೀವು ಹುಡುಕುವಂಥ ಅಪ್ಪನಿಗೆ ಜಾಸ್ತಿ ಹತ್ತಿರ ಬರುವವರು ಉಡುಪಿಯ ಮಧ್ವರು. ಅವರ ಪ್ರಕಾರ ಒಬ್ಬೊಬ್ಬ ಜೀವನೂ ಬೇರೆ ಬೇರೆ, ಮೋಕ್ಷದಲ್ಲೂ ಬೇರೆಯೇ. ಕರಗಿ ಒಂದಾಗುವ ಮಾತೇ ಇಲ್ಲ. ನಾನು ದ್ವೈತಿಯಲ್ಲ, ಆದರೆ ಮನೆಯಲ್ಲಿ ಸಾವಾದಾಗ ಎಲ್ಲರೂ ಒಳಗೊಳಗೆ ದ್ವೈತಿಗಳಾಗುತ್ತಾರೆ ಅನ್ನುವುದನ್ನು ಕಂಡಿದ್ದೇನೆ.

ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿದರು. ಅದೇ ವ್ಯಕ್ತಿ ಹೌದಾ ಅಲ್ಲವಾ ಅನ್ನುವುದು ಅಷ್ಟು ಮುಖ್ಯವಲ್ಲ, ನೆನಪು, ಉದ್ದೇಶ, ಸ್ವಭಾವಗಳ ಎಳೆ ಮುಂದುವರಿಯುತ್ತದಾ ಅನ್ನುವುದು ಮುಖ್ಯ. ಸತ್ತಾಗ ನೇರ ಎಳೆ ಕಡಿದುಹೋಗುತ್ತದೆ. ಬದುಕಿರುವವರ ನೆನಪು, ಅವರಿಂದ ಕಲಿತದ್ದು, ಇಂಥ ಕೆಲವು ದೂರದ ಎಳೆಗಳು ಉಳಿಯುತ್ತವೆ. ಪಾರ್ಫಿಟ್ ಅವರಿಗೆ ಇದರಿಂದ ಸಾವಿನ ಭಯ ಕಡಿಮೆಯಾಯಿತಂತೆ. ನನಗೆ ಅರ್ಧ ಸಮಾಧಾನ ಅಷ್ಟೇ.

ನನ್ನದೂ ಒಂದು ಸಣ್ಣ ಅನುಭವ. ಕೆಲವು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಯಿತು. ಅರಿವಳಿಕೆ ಡಾಕ್ಟರು ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು. ಎಂಟು ಅಂದಿದ್ದು ನೆನಪಿದೆ. ಮುಂದಿನ ಗಳಿಗೆಯೇ ನರ್ಸ್ "ಆಯ್ತು ಸಾರ್, ಕಣ್ಣು ಬಿಡಿ" ಅಂದರು. ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಕಳೆದಿತ್ತು. ಗಾಢ ನಿದ್ದೆಯಿಂದ ಎದ್ದವನು "ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ" ಅನ್ನುತ್ತಾನೆ, ಹಾಗಾಗಿ ನಿದ್ದೆಯಲ್ಲೂ ಯಾವುದೋ ಸಾಕ್ಷಿ ಎಚ್ಚರವಾಗಿತ್ತು ಅಂತ ವೇದಾಂತಿಗಳು ವಾದಿಸುತ್ತಾರೆ. ನನಗೆ ಸುಖವೂ ಇರಲಿಲ್ಲ, ಕತ್ತಲೂ ಇರಲಿಲ್ಲ. ಎಂಟರ ಪಕ್ಕಕ್ಕೇ ಹೊಲಿದ ಹಾಗೆ "ಆಯ್ತು ಸಾರ್". ಸಾವು ಇದ್ದಲ್ಲಿ ನಾವಿಲ್ಲ, ನಾವಿದ್ದಲ್ಲಿ ಸಾವಿಲ್ಲ ಅಂದ ಗ್ರೀಸಿನ ಎಪಿಕ್ಯೂರಸ್‌ನ ಮಾತು ಆವತ್ತು ಮೈಗೆ ತಾಗಿತು. ಆದರೆ ಅದು ಸಾಯುವವನಿಗೆ ಹೇಳಿದ ಮಾತು. ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದ ನನ್ನ ಹೆಂಡತಿಗೆ ಆ ಹೊತ್ತು ಚೆನ್ನಾಗೇ ಗೊತ್ತಾಗಿತ್ತು.

ನನ್ನ ಒಲವು ಯಾವ ಕಡೆ ಅಂತ ಕೇಳಿದರೆ ತಮ್ಮನ ಕಡೆಗೇ ಜಾಸ್ತಿ. ಶಂಕರರ ದೀಪವನ್ನು ಯಾರೂ ಪೂರ್ತಿ ಆರಿಸಿಲ್ಲ ಅನ್ನುವುದನ್ನು ಮರೆಯದೆ ಹೇಳುತ್ತಿದ್ದೇನೆ. ಆದರೆ ಆ ಮೂರು ವರ್ಷ ಅಪ್ಪ ಎಲ್ಲಿದ್ದರು ಅನ್ನುವುದಕ್ಕೆ ತಮ್ಮನ ಪಕ್ಷ, ಅತ್ತೆಯ ಪಕ್ಷ ಎರಡರಲ್ಲೂ ಉತ್ತರ ಒಂದೇ ಬರುತ್ತದೆ. ಆ ಹೆಸರು ಮೆದುಳಿನಲ್ಲೇ ಇತ್ತು ಅಂದುಕೊಳ್ಳಿ, ಮಸುಕು ಗಾಜಿನ ಹಿಂದೆ ಇತ್ತು ಅಂದುಕೊಳ್ಳಿ, ಇತ್ತು. ನೀವು ಸ್ನಾನ ಮಾಡಿಸಿದ್ದು, ಗಂಜಿ ಕುಡಿಸಿದ್ದು ಬೇರೆ ಯಾರಿಗೋ ಅಲ್ಲ.

ತಿಥಿಯ ವಿಷಯ. ಇಲ್ಲಿ ಇಟ್ಟ ಅನ್ನ ಸತ್ತವರ ಹೊಟ್ಟೆ ತುಂಬಿಸುವುದಾದರೆ ಊರಿಗೆ ಹೊರಟವನಿಗೆ ಬುತ್ತಿ ಯಾಕೆ ಕಟ್ಟಬೇಕು ಅಂತ ಚಾರ್ವಾಕರು ಕೇಳಿದ್ದರು. ಆ ಕುಹಕವನ್ನು 14ನೇ ಶತಮಾನದ ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಒಂದಕ್ಷರ ಮುಚ್ಚಿಡದೆ ಉಳಿಸಿಕೊಂಡಿದೆ. ಬರೆದವರು ಶೃಂಗೇರಿ ಪರಂಪರೆಯ ಮಾಧವರು ಅಂತ ಪ್ರತೀತಿ. ಎದುರಾಳಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿದ ಗ್ರಂಥ ಅದು, ಪುಸ್ತಕ ಶುರುವಾಗುವುದೇ ಚಾರ್ವಾಕರಿಂದ. ನಿಮ್ಮ ತಮ್ಮ ಪಿಂಡ ಇಡಲು ಕೂರಬೇಕಾಗಿಲ್ಲ. ಊಟಕ್ಕೆ ಬರಲಿ. ಬರುವ ಮುಂಚೆ ಫೋನ್ ಮಾಡಿ, ಎಡೆಗೆ ಅಪ್ಪನಿಗೆ ಇಷ್ಟವಾದದ್ದು ಏನು ಮಾಡಬೇಕು ಅಂತ ಅವನನ್ನೇ ಕೇಳಿ. ನಿಮಗೆ ಗೊತ್ತಿಲ್ಲದ ಒಂದೆರಡು ತಿಂಡಿ ಅವನ ಪಟ್ಟಿಯಲ್ಲಿ ಇದ್ದೇ ಇರುತ್ತದೆ.